ಗೋಪುರದ ಕೆಳಗೆ ವಿಸ್ಕಿ ಇಲ್ಲ ಸ್ವಾಮಿ

ಪ್ರಶ್ನೆ: ಸ್ಕಾಟ್ಲೆಂಡಿನ ವಿಸ್ಕಿ ಡಿಸ್ಟಿಲರಿಗಳ ಮೇಲೆ ಬೌದ್ಧರ ಪಗೋಡದಂಥ ಗೋಪುರ ಯಾಕಿರುತ್ತದೆ? ಪಿರಮಿಡ್ ಶಕ್ತಿಯಿಂದ ವಿಸ್ಕಿ ಬೇಗ ಮಾಗುತ್ತದೆ ಎಂದು ನಮ್ಮ ವಾಸ್ತು ತಜ್ಞರು ಹೇಳುತ್ತಾರೆ.

ಉತ್ತರ: ಮೊದಲು ಆ ತಜ್ಞರ ನಂಬರ್ ಅಳಿಸಿ. ಈ ಪಿರಮಿಡ್ ಕಥೆ ಕೇಳಿ ಕೇಳಿ ಸಾಕಾಗಿದೆ. ಆ ಗೋಪುರದ ಕೆಳಗೆ ವಿಸ್ಕಿ ಮಾಗುವುದೇ ಇಲ್ಲ. ಅಲ್ಲಿ ಒಣಗುತ್ತಿದ್ದದ್ದು ಮೊಳಕೆ ಬಂದ ಒದ್ದೆ ಬಾರ್ಲಿ. ತೂತುಗಳಿರುವ ನೆಲದ ಮೇಲೆ ಅದನ್ನು ಹರಡುತ್ತಿದ್ದರು. ಕೆಳಗೆ ಬೆಂಕಿ. ಹಲವು ಕಡೆ ಪೀಟ್ ಉರಿಸುತ್ತಿದ್ದರು, ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಹೆಂಟೆ. ಹೊಗೆ, ಹಬೆ ಎರಡೂ ಸರಾಗವಾಗಿ ಮೇಲೆ ಹೋಗಬೇಕು. ಮಳೆ ಮಾತ್ರ ಒಳಗೆ ಬರಬಾರದು. ಅದಕ್ಕೇ ಮೇಲೆ ಹೋದಂತೆ ಕಿರಿದಾಗುವ ಕಡಿದಾದ ಸೂರು, ತುದಿಯಲ್ಲಿ ಗಾಳಿಗೆ ಸಂದು ಬಿಟ್ಟ ಟೋಪಿ. ನಮ್ಮ ಹಳೇ ಅಡುಗೆಮನೆಯ ಹೊಗೆಗೂಡಿನ ಕೆಲಸವೇ ಇದು, ಗಾತ್ರ ಜಾಸ್ತಿ ಅಷ್ಟೆ.

ಈ ವಿನ್ಯಾಸ ಮಾಡಿದವರು ಎಲ್ಗಿನ್ ಊರಿನ ಚಾರ್ಲ್ಸ್ ಡಾಯಿಗ್. 1889ರಲ್ಲಿ ಡಲ್ಯೂಅನ್ ಡಿಸ್ಟಿಲರಿಗೆ ಮೊದಲು ಕಟ್ಟಿದರು. ಬಲ್ಲವರು ಇದನ್ನು ಡಾಯಿಗ್ ವೆಂಟಿಲೇಟರ್ ಅಂತಲೇ ಕರೆಯುತ್ತಾರೆ. ಆ ಮೊದಲ ಗೋಪುರ 1917ರ ಬೆಂಕಿಯಲ್ಲಿ ಹೋಯಿತು.

ಇವತ್ತು ಹೆಚ್ಚಿನ ಡಿಸ್ಟಿಲರಿಗಳು ಮಾಲ್ಟ್ ಅನ್ನು, ಅಂದರೆ ಹೀಗೆ ಒಣಗಿಸಿದ ಮೊಳಕೆ ಬಾರ್ಲಿಯನ್ನು, ಹೊರಗಿನಿಂದ ತರಿಸುತ್ತವೆ. ಗೋಪುರ ಬರೀ ಶೋಕಿ. ಹೊಸದಾಗಿ ಕಟ್ಟುವವರೂ ಸುಮ್ನೆ ಒಂದು ಟೋಪಿ ಇಡುತ್ತಾರೆ, ನನಗೆ ಅದನ್ನು ಕಂಡರೆ ಆಗದು. ನಿಜವಾದ ಕೆಲಸ ನೋಡಬೇಕಾದರೆ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿಗೆ ಹೋಗಿ, ಬೇಕಾದ ಮಾಲ್ಟನ್ನೆಲ್ಲ ಅವರೇ ಮಾಡಿಕೊಳ್ಳುತ್ತಾರೆ. ಲಫ್ರಾಯ್ಗ್, ಬೊಮೋರ್‌ಗಳಲ್ಲೂ ಸ್ವಲ್ಪ ಪಾಲು ಹೀಗೇ ಆಗುತ್ತದೆ. ಮುಚ್ಚಿದ ಹಳೇ ಕಟ್ಟಡ ಸಿಕ್ಕಿದರೆ ಫೋಟೋಗಾಗಿ ಆ ತೂತು ನೆಲ ಹತ್ತಬೇಡಿ. ತುಕ್ಕು ಹಿಡಿದ ಕಬ್ಬಿಣವನ್ನು ನಾನಂತೂ ನಂಬುವುದಿಲ್ಲ.

ಪ್ರಶ್ನೆ: ನಮ್ಮ ರೆಸಾರ್ಟಿನ ಬಾರಿಗೆ ಅಂಥದ್ದೇ ಗೋಪುರ ಕಟ್ಟಿಸಬಹುದೇ?

ಉತ್ತರ: ಕಟ್ಟಿಸಿ. ಸೋರಿದರೆ ನನಗೆ ಬರೆಯಬೇಡಿ.

ಪ್ರಶ್ನೆ: ವಿಸ್ಕಿ ಮಾಗಿಸುವ ಗೋದಾಮಿನ ಗೋಡೆ ಕಪ್ಪಾಗಿರುವುದು ಹೊಗೆಯಿಂದಲೇ?

ಉತ್ತರ: ಅಲ್ಲ. ಪೀಪಾಯಿಯಿಂದ ಆವಿಯಾಗುವ ಆಲ್ಕೋಹಾಲ್ ಇದ್ದ ಕಡೆ ಬೆಳೆಯುವ ಬೂಷ್ಟು.

ಪ್ರಶ್ನೆ: ಮಣ್ಣಿನ ನೆಲ, ದಪ್ಪ ಕಲ್ಲಿನ ಗೋಡೆಯ ಗೋದಾಮು ಕಟ್ಟಿದರೆ ಬೆಂಗಳೂರಲ್ಲೂ ವಿಸ್ಕಿ ನಿಧಾನವಾಗಿ ಮಾಗುತ್ತದೆಯೇ?

ಉತ್ತರ: ಗೋಡೆ ದಪ್ಪ ಮಾಡಿದರೆ ಹಗಲು ರಾತ್ರಿಯ ಬಿಸಿಯ ಏರಿಳಿತ ಕಡಿಮೆಯಾದೀತು, ಊರಿನ ಹವೆ ಬದಲಾಗದು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಲ್ಲಿ 10%ಕ್ಕೂ ಮೇಲೆ ಹೋಗುತ್ತದೆ. ಆ ಲೆಕ್ಕ ಹಾಕಿಕೊಂಡೇ ಪೀಪಾಯಿ ತುಂಬಿಸಿ.