ಮೊದಲು ಮನೆ ಎಣಿಸೋಣ, ಹಾಲ್ ಆಮೇಲೆ

(ಹೊನ್ನಾವರ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಕಾರವಾರ ಧರ್ಮಪ್ರಾಂತ್ಯಕ್ಕೆ, ಅಂದರೆ ಬಿಷಪ್ ಆಡಳಿತದ ಪ್ರದೇಶಕ್ಕೆ, 50 ತುಂಬಿತು. ಮುಂದಿನ ಹತ್ತು ವರ್ಷ ಏನು ಮಾಡಬೇಕು ಅಂತ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚ್‌ನಲ್ಲಿ, ಸಭೆ ಕರೆದಿದ್ದರು. ಮಾತೆಲ್ಲ ಹೊಸ ಹಾಲ್ ಸುತ್ತಲೇ ತಿರುಗಿತು. ಹುಡುಗರೆಲ್ಲ ಗೋವಾ, ಗಲ್ಫ್ ಸೇರಿದ್ದಾರೆ, ಹಾಲ್‌ನಲ್ಲಿ ಕೂರುವವರು ಯಾರು ಅಂತ ಕೇಳಿದೆ. ಎಲ್ಲರೂ ನಕ್ಕುಬಿಟ್ಟರು. ನಾನು ಕೇಳಿದ್ದು ತಪ್ಪಾ?")

ತಪ್ಪೇನಿಲ್ಲ. ನಕ್ಕವರ ಮೇಲೂ ಸಿಟ್ಟು ಬೇಡ. ಹಾಲ್ ಅಂದರೆ ಕಣ್ಣಿಗೆ ಕಾಣುವ ವಸ್ತು. ಹಣ ಕೊಟ್ಟವರ ಹೆಸರು ಕಲ್ಲಿನಲ್ಲಿ ಬರುತ್ತದೆ. ಆಗಸ್ಟ್ ಮಳೆಯಲ್ಲಿ ಶಾಮಿಯಾನದ ಕೆಳಗೆ ಮದುವೆ ಊಟ ಬಡಿಸಿದವರಿಗೆ ಅದರ ಬೆಲೆಯೂ ಗೊತ್ತು. ಆದರೆ ಹತ್ತು ವರ್ಷದ ಯೋಜನೆ ಅಲ್ಲಿಂದ ಶುರುವಾಗಬಾರದು ಅಷ್ಟೆ.

ಎಲ್ಲಿಂದ ಶುರು ಮಾಡಬೇಕು? ನನ್ನನ್ನು ಕೇಳಿದರೆ ಜ್ಞಾನಸ್ನಾನದ (ಬ್ಯಾಪ್ಟಿಸಂನ) ಪುಸ್ತಕದಿಂದ. ಪ್ರತಿ ಇಗರ್ಜಿಯ ಕಪಾಟಿನಲ್ಲೂ ಅದು ಇದೆ. ವರ್ಷಕ್ಕೆ ಎಷ್ಟು ಮಕ್ಕಳು ಅಂತ ಇಪ್ಪತ್ತು ವರ್ಷದ ಲೆಕ್ಕ ಸುಮ್ನೆ ಒಂದು ಹಾಳೆಗೆ ಇಳಿಸಿ. ಅದಕ್ಕಿಂತ ಸ್ವಾರಸ್ಯ ಇರುವುದು ಪಕ್ಕದ ಅಂಚಿನಲ್ಲಿ. ಇಲ್ಲಿ ಜ್ಞಾನಸ್ನಾನ ಆದವರು ಬೇರೆ ಊರಿನ ಚರ್ಚ್‌ನಲ್ಲಿ ಮದುವೆಯಾದರೆ ಅಲ್ಲಿಂದ ಕಾಗದ ಬರಬೇಕು, ಇಲ್ಲಿ ಅದೇ ಹೆಸರಿನ ಎದುರು ಬರೆದಿಡಬೇಕು. ಇದು ಚರ್ಚ್ ಕಾನೂನಿನ ನಿಯಮ. ಮಡಗಾಂವ್, ಮುಂಬೈ, ಮಂಗಳೂರು ಅಂತ ಆ ಅಂಚು ಓದುತ್ತಾ ಹೋದರೆ ನಿಮ್ಮ ಹುಡುಗರು ಎಲ್ಲಿ ಹೋದರು ಅಂತ ಸುಮಾರಾಗಿ ತಿಳಿಯುತ್ತದೆ. ಯಾರ ಹೆಸರನ್ನೂ ಹೊರಗೆ ಹೇಳಬೇಕಿಲ್ಲ, ಸಂಖ್ಯೆ ಸಾಕು.

ಬಂದವರ ಲೆಕ್ಕ ಇನ್ನೂ ಕಷ್ಟ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಈ ಧರ್ಮಪ್ರಾಂತ್ಯ ಹುಟ್ಟಿದಾಗ ಕೊಂಕಣ ರೈಲು ಇರಲಿಲ್ಲ. ಕೈಗಾದಲ್ಲಿ ವಿದ್ಯುತ್ ಸ್ಥಾವರ ಇರಲಿಲ್ಲ, ಸೀಬರ್ಡ್ ನೌಕಾನೆಲೆ ಇರಲಿಲ್ಲ. ಸೀಬರ್ಡ್‌ಗಾಗಿ ಊರು ಬಿಟ್ಟವರು ಬೇರೆ ಕಡೆ ಮನೆ ಕಟ್ಟಿಕೊಂಡರು. ಅದೇ ಸೀಬರ್ಡ್, ಕೈಗಾ ಕೆಲಸಕ್ಕೆ ದೇಶದ ಎಲ್ಲೆಲ್ಲಿಂದಲೋ ಜನ ಬಂದರು. ಇವರಲ್ಲಿ ಮಲಯಾಳಿ, ತಮಿಳು ಕ್ರೈಸ್ತರೂ ಇರುತ್ತಾರೆ. ನಮ್ಮ ವಾಡೆಯ (ಕೇರಿಯ) ಮುಖಂಡ ಗುರ್ಕಾರ್ ಹೀಗೆ ಬಂದವರ ಬಾಗಿಲು ತಟ್ಟಿದ್ದಾರಾ? ಬಾಡಿಗೆ ಮನೆಯವರು ಲೆಕ್ಕಕ್ಕಿಲ್ಲ ಅನ್ನುವ ಅಭ್ಯಾಸ ನಮ್ಮಲ್ಲಿ ಹಳೆಯದು.

ಭಾಷೆಯ ಮಾತು ಇಲ್ಲೇ ಬರುತ್ತದೆ. ಕರಾವಳಿಯಲ್ಲಿ ಅಜ್ಜಿ ಕೊಂಕಣಿಯಲ್ಲಿ ಜಪಸರ ಹೇಳುತ್ತಾರೆ. ಮೊಮ್ಮಗಳು ಇಂಗ್ಲಿಷ್ ಶಾಲೆ ಮುಗಿಸಿ ಬಂದು ಪಕ್ಕದಲ್ಲಿ ಕೂತು ಬಾಯಿ ಆಡಿಸುತ್ತಾಳೆ. ಘಟ್ಟದ ಮೇಲೆ ಕಥೆಯೇ ಬೇರೆ. ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಕ್ರೈಸ್ತ ಸಿದ್ದಿಗಳ ಮನೆಮಾತೂ ಕೊಂಕಣಿಯೇ, ಆದರೆ ಅದು ಕಾರವಾರದ ಕೊಂಕಣಿ ಅಲ್ಲ. ಅವರ ಮಕ್ಕಳು ಕಲಿಯುವುದು ಕನ್ನಡದಲ್ಲಿ. 2003ರಲ್ಲಿ ಸರ್ಕಾರ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ ಮೇಲೆ ಓದು, ನೌಕರಿಗೆ ಒಂದು ದಾರಿ ತೆರೆಯಿತು. ಆ ಮಕ್ಕಳಲ್ಲಿ ಎಷ್ಟು ಮಂದಿ ಧರ್ಮೋಪದೇಶ ಕಲಿಸುವವರಾಗಿದ್ದಾರೆ, ಎಷ್ಟು ಮಂದಿ ಸಿಸ್ಟರ್ ಅಥವಾ ಫಾದರ್ ಆಗಿದ್ದಾರೆ ಅಂತ ಕೇಳಿ ನೋಡಿ. ನನಗೆ ಬೆಳವಣಿಗೆ ಅಂದರೆ ಹಾಲ್‌ಗಿಂತ ಈ ಲೆಕ್ಕವೇ ಜಾಸ್ತಿ ಮುಖ್ಯ.

ಇನ್ನೊಂದು, ಧರ್ಮಪ್ರಾಂತ್ಯದ ಸಭೆಗಳೆಲ್ಲ ಕಾರವಾರದಲ್ಲೇ ಯಾಕೆ? ಮುಂಡಗೋಡದವರು ಘಟ್ಟ ಇಳಿದು ಬಂದು ಹೋಗುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಮಳೆಗಾಲದಲ್ಲಂತೂ ಕೇಳಲೇಬೇಡಿ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆಯೇ ಬಿತ್ತು. ಮಳೆ ನಿಂತ ಮೇಲೆ ಒಂದು ಸಭೆ ಯಲ್ಲಾಪುರದಲ್ಲಿ, ಒಂದು ಶಿರಸಿಯಲ್ಲಿ ಇಟ್ಟರೆ ಬೇರೆಯೇ ಮಾತು ಕೇಳಿಸುತ್ತದೆ.

ನಿಮ್ಮ ಮಾತಿಗೆ ತೂಕ ಇದೆಯಾ ಅನ್ನುವ ಅನುಮಾನ ಪತ್ರದ ಸಾಲುಗಳ ನಡುವೆ ಕಾಣಿಸಿತು. ನೇರವಾಗಿ ಹೇಳುತ್ತೇನೆ. 1983ರ ಚರ್ಚ್ ಕಾನೂನಿನ ಪ್ರಕಾರ ಪಾಲನಾ ಮಂಡಳಿ, ಅಂದರೆ ಇಗರ್ಜಿಯ ಭಕ್ತರ ಸಮಿತಿ, ಕೊಡುವುದು ಸಲಹೆ ಮಾತ್ರ. ಕೊನೆಯ ತೀರ್ಮಾನ ಅದರ ಕೈಯಲ್ಲಿಲ್ಲ. ಆದರೆ ಹಣಕಾಸು ಸಮಿತಿ ಪ್ರತಿ ಇಗರ್ಜಿಗೂ ಕಡ್ಡಾಯ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ. ಹಾಲ್‌ಗೆ ಎಷ್ಟು, ಮಕ್ಕಳ ಓದಿಗೆ ಎಷ್ಟು, ಹಾಸಿಗೆ ಹಿಡಿದವರ ಮನೆಗೆ ಹೋಗಿಬರುವವರ ಖರ್ಚಿಗೆ ಎಷ್ಟು ಅಂತ ಕೇಳುವ ಹಕ್ಕು ನಿಮಗಿದೆ. ಮೆತ್ತಗೆ ಕೇಳಿ, ಆದರೆ ಕೇಳಿ. ಪೋಪ್ ಫ್ರಾನ್ಸಿಸ್ 2021ರಿಂದ 2024ರವರೆಗೆ ನಡೆಸಿದ ಸಿನೋಡ್ ಎಂಬ ಚರ್ಚ್ ಮಹಾಸಭೆ ಒತ್ತಿ ಹೇಳಿದ್ದೂ ಜನರ ಮಾತು ಕೇಳಿಸಿಕೊಳ್ಳಿ ಅಂತಲೇ ಅಲ್ವಾ?

ಮುಂದಿನ ಸಭೆಗೆ ಮೊದಲೇ ಫಾದರ್ ಹತ್ತಿರ ಹೋಗಿ, ಜ್ಞಾನಸ್ನಾನದ ಲೆಕ್ಕ ತೆಗೆಯಲು ಒಂದು ಸಂಜೆ ಕೇಳಿ. ಅಕ್ಷರ ಚೆನ್ನಾಗಿರುವ ಕಾಲೇಜು ಹುಡುಗಿ ಯಾರಾದರೂ ಇದ್ದರೆ ಜೊತೆಗೆ ಕರೆದುಕೊಳ್ಳಿ. ಸಿಕ್ಕ ಸಂಖ್ಯೆ ನನಗೂ ಬರೆದು ಕಳಿಸಿ.

— ಸಂಪಾದಕ