ಆ ಪಂದ್ಯ ಯಾರಿಗೆ ಮುಖ್ಯ ಎಂದು ಮೊದಲು ಕೇಳಿ

ಪ್ರಿಯರೇ, ನಮಸ್ಕಾರ.

ನಿಮ್ಮ ‘ಕಾನ್ಫರೆನ್ಸ್ ಫೈನಲ್‌ಗಳ ಕಾಲ ಮುಗಿಯಿತು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರ ಎರಡನೇ ಕರಡು ನನಗೆ ಬೇಕೇ ಬೇಕು, ಅದಕ್ಕಾಗಿಯೇ ಇಷ್ಟು ಉದ್ದದ ಪತ್ರ. ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ನಮ್ಮ ಮಕ್ಕಳು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಶನಿವಾರ ಬಂತೆಂದರೆ ಊರಿಗೆ ಊರೇ ಒಂದು ಬಣ್ಣದ ಅಂಗಿ ತೊಟ್ಟು ಮೈದಾನಕ್ಕೆ ಹೊರಡುವುದನ್ನು ನೋಡುತ್ತಾರೆ, ಮನೆಗೆ ಫೋನ್ ಮಾಡಿದಾಗ ಅದೇನೆಂದು ಹೇಳಲು ಒದ್ದಾಡುತ್ತಾರೆ. ಅವರಿಗೂ ಅವರ ಅಪ್ಪ ಅಮ್ಮನಿಗೂ ಇಂಥ ಲೇಖನ ಬೇಕು.

ನಿಮ್ಮ ವಾದ ನನಗೆ ಅರ್ಥವಾದದ್ದು ಹೀಗೆ. 2024ರಿಂದ ರಾಷ್ಟ್ರೀಯ ಪ್ಲೇಆಫ್‌ಗೆ ನಾಲ್ಕರ ಬದಲು ಹನ್ನೆರಡು ತಂಡಗಳು ಹೋಗುತ್ತಿವೆ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ, ಅಂದರೆ ತಮ್ಮತಮ್ಮಲ್ಲೇ ಆಡಿ ತಮ್ಮದೇ ಚಾಂಪಿಯನ್ ಆರಿಸುವ ಕಾಲೇಜು ತಂಡಗಳ ದೊಡ್ಡ ಗುಂಪುಗಳಲ್ಲಿ, ಫೈನಲ್ ತಲುಪುವ ತಂಡಕ್ಕೆ ಅಷ್ಟು ಹೊತ್ತಿಗೆ ಪ್ಲೇಆಫ್ ಸ್ಥಾನ ಬಹುತೇಕ ಖಚಿತವಾಗಿರುತ್ತದೆ. ಗೆದ್ದರೆ ಲಾಭ ಅಷ್ಟಕ್ಕಷ್ಟೆ, ಮುಖ್ಯ ಆಟಗಾರ ಗಾಯಗೊಂಡರೆ ನಷ್ಟ ದೊಡ್ಡದು. ಆದ್ದರಿಂದ ಡಿಸೆಂಬರ್ ಮೊದಲ ವಾರದ ಈ ಪಂದ್ಯಗಳನ್ನು ರದ್ದು ಮಾಡಬೇಕು. ವಾದ ಸ್ಪಷ್ಟವಾಗಿದೆ. ಅದಕ್ಕೆ ನೀವು ಕೊಟ್ಟ ಆಧಾರಗಳು ಮಾತ್ರ ಸಾಲುತ್ತಿಲ್ಲ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. ರಗ್ಬಿಯಿಂದ ಈ ಆಟ ಹೇಗೆ ಹುಟ್ಟಿತು ಎಂಬುದು ಇಲ್ಲಿ ಯಾರಿಗೂ ಬೇಕಿಲ್ಲ. ನಮ್ಮ ಓದುಗರಿಗೆ ಗೊತ್ತಿಲ್ಲದ್ದು, ಗೊತ್ತಾಗದಿದ್ದರೆ ಮುಂದಿನದು ಒಂದೂ ಅರ್ಥವಾಗದ್ದು ಬೇರೆ ಇದೆ. ಅಗ್ರ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ, ಒಂದೊಂದು ತಂಡ ಫೈನಲ್‌ಗೆ ಮೊದಲು ಆಡುವುದು ಹನ್ನೆರಡೇ ಪಂದ್ಯ. ಎಲ್ಲರಿಗೂ ಸೇರಿ ಒಂದು ಅಂಕಪಟ್ಟಿ ಇಲ್ಲ. ಯಾರು ಮೇಲು ಎಂಬುದನ್ನು ಒಂದು ಸಮಿತಿ ಕುಳಿತು ತೀರ್ಮಾನಿಸುತ್ತದೆ. ಹೀಗಿರುವಾಗ ಯಾವ ಸಮಿತಿಯ ಅಭಿಪ್ರಾಯವೂ ಇಲ್ಲದೆ ಮೈದಾನದಲ್ಲೇ ಗೆದ್ದು ಪಡೆಯಬಹುದಾದ ಪಟ್ಟ ಕಾನ್ಫರೆನ್ಸ್‌ನದು. ನೀವು ನಿಯಮಗಳಿಗೆ ಎರಡು ಪುಟ ಕೊಟ್ಟಿದ್ದೀರಿ, ಇದಕ್ಕೆ ಒಂದು ಸಾಲೂ ಇಲ್ಲ.

ಐಪಿಎಲ್ ಹೋಲಿಕೆಯನ್ನು ಇಟ್ಟುಕೊಳ್ಳಿ, ಆದರೆ ಸರಿಪಡಿಸಿ. ಕಾನ್ಫರೆನ್ಸ್ ಫೈನಲ್ ಈಗ ಮೊದಲ ಕ್ವಾಲಿಫೈಯರ್‌ನಂತೆ, ಸೋತವರಿಗೂ ಇನ್ನೊಂದು ಅವಕಾಶ ಉಂಟು ಎಂದು ಬರೆದಿದ್ದೀರಿ. ದೊಡ್ಡ ಕಾನ್ಫರೆನ್ಸ್‌ಗಳ ಮಟ್ಟಿಗೆ ಇದು ಹತ್ತಿರದ ಮಾತು. ಆದರೆ ಮೊದಲ ಕ್ವಾಲಿಫೈಯರ್ ಗೆದ್ದದ್ದಕ್ಕೆ ಯಾರೂ ಟ್ರೋಫಿ ಎತ್ತುವುದಿಲ್ಲ. ಇಲ್ಲಿ ಎತ್ತುತ್ತಾರೆ. ನಿಮ್ಮ ಲೇಖನ ಎಡವುವುದು ಈ ವ್ಯತ್ಯಾಸದಲ್ಲಿ.

ಈ ಫೈನಲ್‌ಗಳನ್ನು ‘ಶತಮಾನದ ಸಂಪ್ರದಾಯ’ ಎಂದು ಕರೆದಿರುವುದು ತಪ್ಪು. ಕಾನ್ಫರೆನ್ಸ್‌ಗಳು ಹಳೆಯವು, ಬಿಗ್ ಟೆನ್ 1896ರದು. ಅಗ್ರ ದರ್ಜೆಯಲ್ಲಿ ಫೈನಲ್ ಶುರುವಾದದ್ದು 1992ರಲ್ಲಿ, ಆಗ್ನೇಯ ರಾಜ್ಯಗಳ ಕಾನ್ಫರೆನ್ಸ್ ಆದ ಎಸ್‌ಇಸಿಯಲ್ಲಿ. ಹನ್ನೆರಡು ತಂಡಗಳಿದ್ದು ಎರಡು ವಿಭಾಗ ಮಾಡಿಕೊಂಡರೆ ಒಂದು ಹೆಚ್ಚಿನ ಪಂದ್ಯ ಆಡಬಹುದು ಎಂಬ ನಿಯಮ ಪುಸ್ತಕದಲ್ಲಿತ್ತು. ಆಯುಕ್ತರಾಗಿದ್ದ ರಾಯ್ ಕ್ರೇಮರ್ ಅದನ್ನು ಬಳಸಿಕೊಂಡರು. ಅರ್ಕನ್ಸಾ, ಸೌತ್ ಕ್ಯಾರೊಲಿನಾ ತಂಡಗಳು ಬಂದು ಸೇರಿದ ಮೇಲೆ ಸಂಖ್ಯೆ ಹನ್ನೆರಡಾಯಿತು. ಆ ವರ್ಷ ಅಲಬಾಮಾ ಒಂದೂ ಪಂದ್ಯ ಸೋತಿರಲಿಲ್ಲ. ರಾಷ್ಟ್ರೀಯ ಪ್ರಶಸ್ತಿ ಕೈಗೆಟುಕುವಷ್ಟು ಹತ್ತಿರ ಇರುವಾಗ ಇಂಥ ಪಂದ್ಯ ಆಡಿಸಿ ಅದನ್ನು ಪಣಕ್ಕಿಡುವುದೇಕೆ ಎಂಬ ಪ್ರಶ್ನೆ ಆಗಲೇ ಇತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಫ್ಲಾರಿಡಾ ವಿರುದ್ಧ 21-21 ಸಮವಾಗಿದ್ದಾಗ ಅಲಬಾಮಾದ ಆಂಟೋನಿಯೊ ಲ್ಯಾಂಗಮ್ ಎದುರಾಳಿಯ ಪಾಸ್ ಹಿಡಿದು ಓಡಿ ಟಚ್‌ಡೌನ್ ಮಾಡಿದರು, ಅಂದರೆ ಚೆಂಡನ್ನು ಎದುರಾಳಿಯ ಅಂತಿಮ ಗೆರೆ ದಾಟಿಸಿದರು. 28-21ರಿಂದ ಗೆದ್ದ ಅಲಬಾಮಾ ಮುಂದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ‘ಈ ಪಂದ್ಯ ನಮಗೇಕೆ’ ಎಂಬ ದೂರು ಹನ್ನೆರಡು ತಂಡಗಳ ಪ್ಲೇಆಫ್ ತಂದದ್ದಲ್ಲ, ಪಂದ್ಯದ ಜೊತೆಗೇ ಹುಟ್ಟಿದ್ದು. ಇದನ್ನು ಒಪ್ಪಿಕೊಂಡು ಬರೆದರೆ ನಿಮ್ಮ ವಾದ ಇನ್ನಷ್ಟು ಗಟ್ಟಿಯಾಗುತ್ತದೆ.

ನಿಮ್ಮ ಮುಖ್ಯ ಸಾಕ್ಷಿ 2024ರ ಒಹಾಯೊ ಸ್ಟೇಟ್. ಬದ್ಧ ಎದುರಾಳಿ ಮಿಶಿಗನ್‌ಗೆ ಸೋತು ಬಿಗ್ ಟೆನ್ ಫೈನಲ್ ತಪ್ಪಿಸಿಕೊಂಡರೂ ಅದು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು, ಹಾಗಾಗಿ ಕಾನ್ಫರೆನ್ಸ್ ಫೈನಲ್ ವ್ಯರ್ಥ ಎನ್ನುತ್ತೀರಿ. ಆದರೆ 2017ರಲ್ಲಿ, ಪ್ಲೇಆಫ್‌ಗೆ ನಾಲ್ಕೇ ತಂಡ ಹೋಗುತ್ತಿದ್ದಾಗ, ಅಲಬಾಮಾ ಎಸ್‌ಇಸಿ ಫೈನಲ್ ಆಡದೆಯೇ ಪ್ರಶಸ್ತಿ ಗೆದ್ದಿತ್ತು. 2011ರಲ್ಲಿ, ಎರಡೇ ತಂಡಗಳಿಗೆ ಅವಕಾಶವಿದ್ದ ಕಾಲದಲ್ಲೂ ಹಾಗೇ ಆಗಿತ್ತು. ಪ್ಲೇಆಫ್ ಹಿಗ್ಗಿದ್ದರಿಂದ ಹೀಗಾಯಿತು ಎಂದು ಹೇಳಲು ಈ ಉದಾಹರಣೆ ಸಾಲದು.

ಹಿಗ್ಗಿದ್ದರಿಂದ ಏನು ಬದಲಾಯಿತು ಎಂದು ತೋರಿಸಬೇಕಿದ್ದರೆ ಎರಡು ಸೋಲುಗಳನ್ನು ಪಕ್ಕಪಕ್ಕ ಇಡಿ. 1998ರಲ್ಲಿ ಕಾನ್ಸಸ್ ಸ್ಟೇಟ್ ಒಂದೂ ಪಂದ್ಯ ಸೋಲದೆ ಬಿಗ್ 12 ಎಂಬ ಕಾನ್ಫರೆನ್ಸ್‌ನ ಫೈನಲ್‌ಗೆ ಸೇಂಟ್ ಲೂಯಿಸ್‌ಗೆ ಬಂದಿತ್ತು. 15 ಅಂಕ ಮುಂದಿದ್ದು, ಕೊನೆಗೆ ಎರಡನೇ ಹೆಚ್ಚುವರಿ ಅವಧಿಯಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಎದುರು 36-33ರಿಂದ ಸೋತಿತು. ರಾಷ್ಟ್ರೀಯ ಪ್ರಶಸ್ತಿಯ ಆಸೆ ಅಲ್ಲಿಗೇ ಮುಗಿಯಿತು, ತಂಡ ಪ್ರಶಸ್ತಿಗೆ ಸಂಬಂಧವಿಲ್ಲದ, ಋತುವಿನ ಕೊನೆಯ ಆಹ್ವಾನ ಪಂದ್ಯವಾದ ಅಲಮೋ ಬೌಲ್‌ಗೆ ಇಳಿಯಿತು. 2025ರ ಎಸ್‌ಇಸಿ ಫೈನಲ್‌ನಲ್ಲಿ ಅಲಬಾಮಾ ಜಾರ್ಜಿಯಾ ಎದುರು 28-7ರಿಂದ ಸೋತಿತು. ಅದರ ಒಂಬತ್ತನೇ ಶ್ರೇಯಾಂಕ ಒಂದಿಂಚೂ ಕದಲಲಿಲ್ಲ, ಪ್ಲೇಆಫ್‌ಗೂ ಹೋಯಿತು. ಒಂದು ಸಂಜೆಯಲ್ಲಿ ಇಡೀ ವರ್ಷ ಕೈಜಾರಬಹುದು ಎಂಬ ಭಯ ಈ ಪಂದ್ಯಗಳ ಜೀವವಾಗಿತ್ತು. ಅದು ದೊಡ್ಡ ಕಾನ್ಫರೆನ್ಸ್‌ಗಳಿಂದ ಬಹುಮಟ್ಟಿಗೆ ಹೋಗಿದೆ, ಹೋದದ್ದಕ್ಕೆ ನನಗೂ ಬೇಸರವಿದೆ. ಪೂರ್ತಿ ಹೋಗಿಲ್ಲ ಎಂಬುದನ್ನೂ ಬರೆಯಿರಿ. ಅದೇ ದಿನ ಬಿಗ್ 12 ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಎದುರು 34-7ರಿಂದ ಸೋತ ಬ್ರಿಗಮ್ ಯಂಗ್ ತಂಡ ಪ್ಲೇಆಫ್‌ನಿಂದ ಹೊರಗುಳಿಯಿತು. ಗೆದ್ದಿದ್ದರೆ ಒಳಗಿರುತ್ತಿತ್ತು.

ಗಾಯದ ಬಗ್ಗೆ ನೀವು ಬರೆದದ್ದು ಒಂದೇ ವಾಕ್ಯ: ‘ಜಾರ್ಜಿಯಾ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ತಂಡಕ್ಕೆ ಹಿನ್ನಡೆಯಾಯಿತು.’ ಇಷ್ಟಕ್ಕೇ ಬಿಡುವ ವಿಷಯವಲ್ಲ ಇದು. 2024ರ ಎಸ್‌ಇಸಿ ಫೈನಲ್‌ನ ಮೊದಲರ್ಧ ಮುಗಿಯುವ ಹೊತ್ತಿಗೆ ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ ಕಾರ್ಸನ್ ಬೆಕ್ ಮೊಣಕೈಗೆ ಪೆಟ್ಟಾಯಿತು. ಗನ್ನರ್ ಸ್ಟಾಕ್‌ಟನ್ ಬಂದು ತಂಡವನ್ನು ಹೆಚ್ಚುವರಿ ಅವಧಿಯವರೆಗೆ ತಂದರು. ಅಲ್ಲಿ ಡಿಕ್ಕಿಯ ರಭಸಕ್ಕೆ ಅವರ ಹೆಲ್ಮೆಟ್ ಕಳಚಿಬಿತ್ತು. ಹೆಲ್ಮೆಟ್ ಕಳಚಿದವರು ಮುಂದಿನ ಒಂದು ಪ್ಲೇಗೆ, ಅಂದರೆ ಚೆಂಡು ಇನ್ನೊಮ್ಮೆ ಆಡಿ ನಿಲ್ಲುವವರೆಗೆ, ಹೊರಗಿರಬೇಕು. ಗಾಯಗೊಂಡಿದ್ದ ಬೆಕ್ ಮತ್ತೆ ಮೈದಾನಕ್ಕಿಳಿದು, ಚೆಂಡನ್ನು ಟ್ರೆವರ್ ಎಟಿಯೆನ್ ಕೈಗಿಟ್ಟರು. ಅದೇ ಗೆಲುವಿನ ಟಚ್‌ಡೌನ್, ಟೆಕ್ಸಸ್ ಎದುರು 22-19. ಬೆಕ್ ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ಜಾರ್ಜಿಯಾ ಮೊದಲ ಸುತ್ತಿನ ವಿನಾಯಿತಿ ಪಡೆದು ಕ್ವಾರ್ಟರ್‌ ಫೈನಲ್‌ಗೆ ಹೋಗಿ ನೋಟರ್ ಡೇಮ್ ಎದುರು 23-10ರಿಂದ ಸೋತಿತು. ನಿಮ್ಮ ವಾದ ಪೂರ್ತಿ ಈ ಘಟನೆಯಲ್ಲಿದೆ, ಅದರ ಉತ್ತರವೂ ಇದೆ. ಆ ಗೆಲುವಿನ ಬೆಲೆ ತಂಡಕ್ಕೆ ದುಬಾರಿಯಾಯಿತು, ನಿಜ. ಆದರೆ ನೋವು ತಿನ್ನುತ್ತಾ ಆ ಒಂದು ಪ್ಲೇಗಾಗಿ ಮೈದಾನಕ್ಕಿಳಿದವರಿಗೆ ‘ಈ ಪಂದ್ಯ ಮುಖ್ಯವಲ್ಲ’ ಎಂದು ಹೇಳಲು ನಿಮಗೆ ಮನಸ್ಸು ಬರುತ್ತದೆಯೇ?

ಆ ವಿನಾಯಿತಿಯ ಲೆಕ್ಕವನ್ನೂ ಸೇರಿಸಿ. 2024ರಲ್ಲಿ ಅದು ನಾಲ್ವರು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮೀಸಲಿತ್ತು, ನಾಲ್ವರೂ ತಮ್ಮ ಮೊದಲ ಪಂದ್ಯದಲ್ಲೇ ಸೋತರು. 2025ರಲ್ಲಿ ನಿಯಮ ಬದಲಿಸಿ ಮೊದಲ ನಾಲ್ಕು ಶ್ರೇಯಾಂಕದವರಿಗೆ ಕೊಟ್ಟರು, ಮೂವರು ಸೋತರು. ಗೆದ್ದವರಿಗೆ ಸಿಗುವ ಬಹುಮಾನವೇ ಸಂಶಯಾಸ್ಪದ ಎನ್ನಲು ನಿಮಗೆ ಇದು ಸಾಕು. ಆಗ ‘ಅಭಿಮಾನಿಗಳಿಗೆ ಆಸಕ್ತಿಯೇ ಉಳಿದಿಲ್ಲ ಎಂದು ಎಲ್ಲರೂ ಹೇಳುತ್ತಾರೆ’ ಎಂಬ ವಾಕ್ಯ ಬೇಡವಾಗುತ್ತದೆ. ಎಲ್ಲರೂ ಎಂದರೆ ಯಾರು? ಹಣದಾಸೆ ಎಂಬ ಪದವೂ ಬೇಡ. ಟಿವಿ ಹಕ್ಕು, ಟಿಕೆಟ್ ಎರಡೂ ಕಾನ್ಫರೆನ್ಸ್‌ಗೆ ಆದಾಯ ತರುತ್ತವೆ ಎಂದಷ್ಟೇ ಹೇಳಿ ಮುಂದೆ ಹೋಗಿ.

ನೀವು ಪೂರ್ತಿ ಬಿಟ್ಟಿರುವುದು 2025ರ ಎಸಿಸಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಕಥೆ. ಇದು ನನಗೆ ಅರ್ಥವೇ ಆಗಲಿಲ್ಲ. ಹದಿನೇಳು ತಂಡಗಳ ಕಾನ್ಫರೆನ್ಸ್‌ನಲ್ಲಿ ಆ ವರ್ಷ ಒಬ್ಬೊಬ್ಬರು ಆಡಿದ್ದು ಎಂಟೇ ಕಾನ್ಫರೆನ್ಸ್ ಪಂದ್ಯ. ವರ್ಜೀನಿಯಾ ಮೇಲಿತ್ತು, ಎರಡನೇ ಸ್ಥಾನಕ್ಕೆ ಐದು ತಂಡಗಳು ಸಮ. ಟೈ ಮುರಿಯುವ ನಿಯಮ ಹುಡುಕುತ್ತಾ ಹೋಗಿ ಕೊನೆಗೆ ಫೈನಲ್‌ಗೆ ಬಂದದ್ದು ಒಟ್ಟು ಏಳು ಗೆದ್ದು ಐದು ಸೋತ ಡ್ಯೂಕ್. ಹತ್ತು ಗೆದ್ದ ಮಯಾಮಿ ಮನೆಯಲ್ಲುಳಿಯಿತು. ಡ್ಯೂಕ್ ವರ್ಜೀನಿಯಾ ಎದುರು ಹೆಚ್ಚುವರಿ ಅವಧಿಯಲ್ಲಿ 27-20ರಿಂದ ಗೆದ್ದು, 1962ರ ನಂತರ ಮೊದಲ ಬಾರಿ ಯಾರೊಂದಿಗೂ ಹಂಚಿಕೊಳ್ಳದೆ ಎಸಿಸಿ ಚಾಂಪಿಯನ್ ಆಯಿತು. ಪ್ಲೇಆಫ್‌ಗೆ ಮಾತ್ರ ಹೋಗಲಿಲ್ಲ. ಅಲ್ಲಿಗೆ ಹೋದ ಮಯಾಮಿ ರಾಷ್ಟ್ರೀಯ ಫೈನಲ್‌ವರೆಗೆ ತಲುಪಿತು. ಚಾಂಪಿಯನ್ ಹೊರಗೆ, ಅದೇ ಕಾನ್ಫರೆನ್ಸ್‌ನ ಫೈನಲ್‌ಗೂ ಬರದವರು ರಾಷ್ಟ್ರೀಯ ಫೈನಲ್‌ನಲ್ಲಿ. ನಿಮ್ಮ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷಿ ಸಿಗದು.

ಅದೇ ಪಂದ್ಯ ನಿಮ್ಮ ವಿರುದ್ಧವೂ ಸಾಕ್ಷಿ ಹೇಳುತ್ತದೆ. ಶ್ರೇಯಾಂಕದಲ್ಲಿ ಮೇಲಿರುವ ಐವರು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಪ್ಲೇಆಫ್ ಸ್ಥಾನ ಮೀಸಲು ಎಂಬುದು 2025ರಲ್ಲಿದ್ದ ನಿಯಮ. ವರ್ಜೀನಿಯಾ ಗೆದ್ದಿದ್ದರೆ ಅದಕ್ಕೆ ಸಲ್ಲುತ್ತಿದ್ದ ಜಾಗ ಡ್ಯೂಕ್ ಗೆದ್ದದ್ದರಿಂದ ಜೇಮ್ಸ್ ಮ್ಯಾಡಿಸನ್‌ಗೆ ಸಿಕ್ಕಿತು. ಆ ಕಾಲೇಜು ಅಗ್ರ ದರ್ಜೆಗೆ ಬಂದದ್ದೇ 2022ರಲ್ಲಿ. ಅದು ತನ್ನ ಸಣ್ಣ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಟ್ರಾಯ್ ತಂಡವನ್ನು ಸೋಲಿಸಿ ಕಾಯುತ್ತಿತ್ತು. ನಾರ್ತ್ ಟೆಕ್ಸಸ್ ಅನ್ನು ಸೋಲಿಸಿದ ಟ್ಯುಲೇನ್ ಕೂಡ ಹಾಗೇ ಒಳಗೆ ಬಂತು. ಎರಡೂ ತಂಡಗಳು ಮೊದಲ ಸುತ್ತಿನಲ್ಲೇ ಸೋತವು, ಅದು ಬೇರೆ ಮಾತು. ಇಂಥ ತಂಡಗಳಿಗೆ ಸಮಿತಿಯ ಕೃಪೆ ಸುಲಭವಾಗಿ ಸಿಗುವುದಿಲ್ಲ. ಅವುಗಳಿಗೆ ಕಾನ್ಫರೆನ್ಸ್ ಫೈನಲ್ ಎಂದರೆ ಗೆದ್ದರೆ ಉಂಟು, ಸೋತರೆ ಇಲ್ಲ. ಪ್ಲೇಆಫ್ ನಾಲ್ಕು ತಂಡಗಳದ್ದಾಗಿದ್ದಾಗ ಈ ಪಂದ್ಯಗಳಿಗೆ ಇಷ್ಟು ಬೆಲೆ ಇರಲಿಲ್ಲ, ಹನ್ನೆರಡಾದದ್ದರಿಂದ ಬಂತು. ನಿಮ್ಮ ಲೇಖನದಲ್ಲಿ ಸಣ್ಣ ಕಾನ್ಫರೆನ್ಸ್‌ಗಳ ಹೆಸರೇ ಇಲ್ಲ.

ಇನ್ನು ನಿಮ್ಮ ಐದನೇ ಪುಟ. ಒಹಾಯೊ ಸ್ಟೇಟ್‌ನ ಊರಾದ ಕೊಲಂಬಸ್‌ನಲ್ಲಿ ನೀವಿದ್ದ ಮನೆಯ ಪಕ್ಕದ ಹಿರಿಯರು, ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೇಲೂ, ‘ಮಿಶಿಗನ್‌ಗೆ ಸೋತದ್ದು ಸೋತದ್ದೇ’ ಎಂದು ಮುಖ ಬಾಡಿಸಿಕೊಂಡದ್ದನ್ನು ಬರೆದಿದ್ದೀರಿ. ಲೇಖನದಲ್ಲಿ ಜೀವವಿರುವುದು ಆ ಪ್ಯಾರಾದಲ್ಲಿ. ಅದು ನಿಮ್ಮ ವಾದವನ್ನೇ ಪ್ರಶ್ನಿಸುತ್ತಿರುವುದನ್ನು ನೀವು ಗಮನಿಸಿಲ್ಲ. ಪ್ಲೇಆಫ್ ಏಣಿಯಲ್ಲಿ ಎಷ್ಟು ಮೆಟ್ಟಿಲು ಹತ್ತಿಸುತ್ತದೆ ಎಂಬ ಒಂದೇ ಅಳತೆಯಿಂದ ನೀವು ಪಂದ್ಯಗಳನ್ನು ತೂಗಿದ್ದೀರಿ. ಆ ಹಿರಿಯರು ಬೇರೆ ಅಳತೆ ಹಿಡಿದಿದ್ದಾರೆ. 2025ರ ಡಿಸೆಂಬರ್‌ನಲ್ಲಿ ಬಿಗ್ ಟೆನ್ ಫೈನಲ್ ಆಡಿದ ಇಂಡಿಯಾನಾ, ಒಹಾಯೊ ಸ್ಟೇಟ್ ಎರಡೂ ಅಜೇಯ, ಎರಡಕ್ಕೂ ಪ್ಲೇಆಫ್ ಖಚಿತ. ನಿಮ್ಮ ಲೆಕ್ಕದಲ್ಲಿ ಅದಕ್ಕಿಂತ ನಿರರ್ಥಕ ಪಂದ್ಯ ಇರಬಾರದು. ಆದರೆ ಸೋಲಿಗೇ ಹೆಸರಾಗಿದ್ದ ಇಂಡಿಯಾನಾ 1945ರ ನಂತರ ಒಮ್ಮೆಯೂ ಒಂಟಿಯಾಗಿ ಬಿಗ್ ಟೆನ್ ಪಟ್ಟ ಏರಿರಲಿಲ್ಲ. 13-10ರಿಂದ ಗೆದ್ದ ಆ ರಾತ್ರಿ ಇಂಡಿಯಾನಾ ತಂಡದ ಊರಾದ ಬ್ಲೂಮಿಂಗ್ಟನ್‌ನವರಿಗೆ ಪ್ಲೇಆಫ್ ಶ್ರೇಯಾಂಕದ ಯೋಚನೆಯಷ್ಟೇ ಇತ್ತು ಎಂದು ನಾನು ನಂಬಲಾರೆ.

ಹಾಗೆಂದು ನಿಲುವು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಈ ಫೈನಲ್‌ಗಳು ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ. ರದ್ದಾಗಬೇಕು ಎಂಬ ನಿಮ್ಮ ಲೇಖನ ಗಟ್ಟಿಯಾಗಿದ್ದರೆ ಅದನ್ನು ಪ್ರಕಟಿಸುವೆ. ಆದರೆ ನಿಮ್ಮ ಅತ್ಯಂತ ಬಲವಾದ ಕಾರಣವನ್ನು ಕೊನೆಯ ಪ್ಯಾರಾದಲ್ಲಿ ಬಚ್ಚಿಟ್ಟಿದ್ದೀರಿ: ಆಟಗಾರರು ವಿದ್ಯಾರ್ಥಿಗಳು. 2025ರ ಆಗಸ್ಟ್‌ನಲ್ಲಿ ಶುರುವಾದ ಋತು 2026ರ ಜನವರಿ 19ರವರೆಗೆ ಎಳೆಯಿತು, ಇಂಡಿಯಾನಾ ರಾಷ್ಟ್ರೀಯ ಚಾಂಪಿಯನ್ ಆಗಲು ಹದಿನಾರು ಪಂದ್ಯ ಆಡಿತು. ಪ್ಲೇಆಫ್ ಅನ್ನು ಹದಿನಾರು, ಇಪ್ಪತ್ತನಾಲ್ಕು ತಂಡಗಳಿಗೆ ಹಿಗ್ಗಿಸುವ ಮಾತೂ ನಡೆದಿದೆ. ಆ ಹುಡುಗರ ಮೈಗೆ ಎಷ್ಟು ಪಂದ್ಯ ಹೊರಿಸುವುದು ಎಂಬಲ್ಲಿಂದ ನಿಮ್ಮ ವಾದ ಶುರುವಾಗಲಿ. ಆಗ ಯಾವುದನ್ನು ಬಿಡಬೇಕು ಎಂಬುದು ನಿಜವಾದ ಪ್ರಶ್ನೆಯಾಗುತ್ತದೆ, ಸಣ್ಣ ಕಾನ್ಫರೆನ್ಸ್‌ಗಳಿಗೆ ಪರ್ಯಾಯವೇನು ಎಂಬುದಕ್ಕೂ ನೀವು ಉತ್ತರ ಕೊಡಬೇಕಾಗುತ್ತದೆ.

ಜಾರ್ಜಿಯಾ, ಡ್ಯೂಕ್, ಕೊಲಂಬಸ್‌ನ ಹಿರಿಯರು, ಈ ಮೂರಕ್ಕೆ ಜಾಗ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಸಾವಿರದ ಇನ್ನೂರು ಪದ ಸಾಕು. ಅಂಕಗಳನ್ನೂ ವರ್ಷಗಳನ್ನೂ ಕಳಿಸುವ ಮುನ್ನ ಇನ್ನೊಮ್ಮೆ ತಾಳೆ ನೋಡಿ. ಈ ಕರಡಿನಲ್ಲಿ ಜಾರ್ಜಿಯಾ ಪಂದ್ಯದ ಅಂಕ ಎರಡು ಕಡೆ ಎರಡು ಥರ ಇದೆ.

ವಿಶ್ವಾಸದಿಂದ,
ಸಂಪಾದಕ