ಕರನಿರಾಕರಣೆಯ ಕಥೆಗಳನ್ನು ಉಳಿಸೋಕೆ ಎಲ್ಲಿಂದ ಶುರು ಮಾಡಲಿ?

ನೀವು ಸಿದ್ದಾಪುರದವರು, ಊರಿನ ಕರನಿರಾಕರಣೆಯ, ಅಂದರೆ ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡೋದಿಲ್ಲ ಅಂತ ನಡೆದ ಹೋರಾಟದ, ಕಥೆಗಳನ್ನು ಸಂಗ್ರಹಿಸಿ ಮಕ್ಕಳಿಗೆ ತಲುಪಿಸಬೇಕು ಅಂತಿದ್ದೀರಿ. ತುಂಬಾ ಖುಷಿಯಾಯಿತು. ನಾನು ಅಂಕೋಲೆಯವನು, ನಮ್ಮಲ್ಲೂ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನನ್ನು ಕೇಳಿದರೆ, ಯಾರ ಮನೆಯಲ್ಲಿ ಏನೇನು ಜಪ್ತಿ ಆಯಿತು ಅನ್ನೋದರಿಂದ ಶುರು ಮಾಡಿ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ಮಾಡಿದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಗೆಲ್ಲ ಗೊತ್ತು. ಜೈಲಿಗೆ ಹೋದವರ ಹೆಸರೂ ಸಿಗುತ್ತದೆ, ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಬೇಕಿತ್ತಲ್ವಾ. ಆದರೆ 1932ರಲ್ಲಿ ತೀರ್ವೆ (ಭೂಕಂದಾಯ) ಕೊಡೋದಿಲ್ಲ ಅಂತ ಕೂತ ರೈತರ ಗದ್ದೆ, ತೋಟ, ದನ, ಪಾತ್ರೆ ಎಲ್ಲ ಹೋಯಿತು. ಆಗ ಸಂಸಾರ ತೂಗಿಸಿದ ಹೆಂಗಸರ ಹೆಸರು ಪಟ್ಟಿಯಲ್ಲಿ ಸಿಗೋದು ಅಪರೂಪ. ನಿಮ್ಮ ಮಾವಿನಗುಂಡಿಯನ್ನೇ ನೋಡಿ. ಜಪ್ತಿಯಾದ ಜಮೀನನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಅಲ್ಲಿ ಸ್ಮಾರಕವೇನೋ ಇದೆ. ಅವರು ಅಲ್ಲಿ ಕೂತಾಗ ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರು? ನನಗೆ ಅದೂ ಇತಿಹಾಸವೇ.

ಹಿರಿಯರ ಹತ್ತಿರ ಸುಮ್ನೆ "ಹೋರಾಟದ ಬಗ್ಗೆ ಹೇಳಿ" ಅಂದರೆ ಶಾಲೆಯ ಪಾಠವನ್ನೇ ಹೇಳುತ್ತಾರೆ. "ಅಜ್ಜಿ, ಜಪ್ತಿಗೆ ಬರ್ತಾರೆ ಅಂದಾಗ ದನ ಎಲ್ಲಿಗೆ ಹೊಡೆದಿದ್ರಂತೆ? ತಾಮ್ರದ ಹಂಡೆ ವಾಪಸ್ ಬಂತಾ?" ಅಂತ ಕೇಳಿ, ಮಾತು ತಾನಾಗಿಯೇ ಬರುತ್ತದೆ. ಅವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿ. ಕಣ್ಣಾರೆ ಕಂಡದ್ದು ಯಾವುದು, ಅಪ್ಪ ಅಮ್ಮ ಹೇಳಿದ್ದು ಯಾವುದು ಅಂತ ಬೇರೆ ಬೇರೆ ಬರೆದಿಡಿ. ಇಬ್ಬರು ಒಂದೇ ಘಟನೆಯನ್ನು ಬೇರೆ ಥರ ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ.

ಇನ್ನೊಂದು ಸೂಕ್ಷ್ಮ ವಿಷಯ. ಹರಾಜಿನಲ್ಲಿ ಜಮೀನು ಕೊಂಡವರ ಮೊಮ್ಮಕ್ಕಳೂ ಅದೇ ಊರಿನಲ್ಲಿ ಇರಬಹುದು. ಅವರ ಮನೆಗೂ ಹೋಗಿ, ಅವರ ಮಾತೂ ಕೇಳಿ. ಮಕ್ಕಳಿಗೆ ಹೇಳುವಾಗ ಆ ಮನೆತನದ ಹೆಸರು ಬೇಡ. ಅಜ್ಜ ಮಾಡಿದ್ದಕ್ಕೆ ಮೊಮ್ಮಗ ತಲೆ ತಗ್ಗಿಸಬಾರದು.

ಅಟ್ಟದ ಮೇಲೆ ಜಪ್ತಿ ನೋಟಿಸು, ಜೈಲಿನಿಂದ ಬಂದ ಕಾಗದ ಸಿಕ್ಕರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಕಾಗದ ಹಾಳಾಗುತ್ತದೆ. ಎರಡೂ ಬದಿ ಫೋಟೋ ತೆಗೆದು ಅಸಲನ್ನು ಮನೆಯವರಿಗೇ ಕೊಡಿ. ಜಮೀನು ವಾಪಸ್ ಬಂದ ಕಾಗದಗಳನ್ನೂ ಕೇಳಿ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಅದಕ್ಕೆ ದಾರಿಯಾಯಿತು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿಗೇ ಸೇರಿದ್ದರಿಂದ, ಸರ್ಕಾರಿ ಕಡತಗಳನ್ನು ಬೆಂಗಳೂರಿನಲ್ಲಿ ಮಾತ್ರ ಹುಡುಕಿದರೆ ಸಾಲದು, ಮುಂಬಯಿಯ ಪತ್ರಾಗಾರದಲ್ಲೂ ವಿಚಾರಿಸಬೇಕು.

ಹತ್ತು ಮನೆಯ ಮಾತು ಸೇರಿದರೂ ಸಾಕು, ಊರಿನ ಶಾಲೆಗೆ ಒಂದು ಪ್ರತಿ ಕೊಡಿ. ಮಕ್ಕಳನ್ನು ಆ ಗದ್ದೆಗಳಿಗೇ ಕರೆದುಕೊಂಡು ಹೋಗಿ ಹೇಳಿ. ಮನೆಯವರು ಒಪ್ಪಿದ ಫೋಟೋಗಳನ್ನು ಯಾರು ಬೇಕಾದರೂ ನೋಡಿ ಬಳಸಬಹುದಾದ ಅಂತರ್ಜಾಲ ಸಂಗ್ರಹ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಅಂಕೋಲೆ ಕಡೆಯ ಹೆಸರು ಏನಾದರೂ ಸಿಕ್ಕರೆ ಇಲ್ಲೇ ಬರೆಯಿರಿ, ಆ ಮನೆ ಹುಡುಕಿಕೊಂಡು ನಾನು ಹೋಗಿ ಬರುತ್ತೇನೆ.